ವೈದ್ಯಗುರು ವಿಲಿಯಂ ಆಸ್ಲರ್

ಮಹಾಪುರುಷರ ಚರಿತ್ರೆಯನ್ನು ಬರೆಯಹೊರಟವರು ರಾಜರನ್ನೋ, ಕವಿಗಳನ್ನೋ, ದೇಶಭಕ್ತರನ್ನೋ ಆರಿಸಿಕೊಳ್ಳುವುದು ವಾಡಿಕೆ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಒಬ್ಬ ವೈದ್ಯನ ಜೀವನವನ್ನು, ಅದರಲ್ಲೂ ಕೆನಡಾ ದೇಶದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ತೀರಿಕೊಂಡ ವೈದ್ಯನೊಬ್ಬನ ಜೀವನವನ್ನು ಆರಿಸಿಕೊಂಡದ್ದೇಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣವುಂಟು.

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ತಾಯಿಯವರು ಜ್ವರದಿಂದ ಮಲಗಿದರು. ನಾಲ್ಕೈದು ದಿನಗಳಲ್ಲಿ ಕಣ್ಣು ಹಳದಿಯಾಯಿತು. ಊರಿನಲ್ಲಿ ಕಾಮಾಲೆಯೆಂದು ಬೇರಿನ ಔಷಧ ಕೊಡಿಸಿದೆವು. ಪೇಟೆಯಲ್ಲಿ ತೋರಿಸಿದಾಗಲೂ ಕಾಮಾಲೆಯೆಂದೇ ಹೇಳಿ ಗುಳಿಗೆ ಬರೆದುಕೊಟ್ಟರು. ಜ್ವರ ಇಳಿಯಲಿಲ್ಲ. ಕಡೆಗೆ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ವಾರ್ಡಿನಲ್ಲಿ ಅವರ ಮಂಚದ ಪಕ್ಕದಲ್ಲಿ ನಾನು ಹನ್ನೊಂದು ದಿನ ಕಳೆದೆನು.

ಪ್ರತಿದಿನ ಬೆಳಿಗ್ಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಏಳೆಂಟು ಮಂದಿ ವಿದ್ಯಾರ್ಥಿಗಳೊಡನೆ ಬರುತ್ತಿದ್ದರು. ಅವರು ತಾವಾಗಿ ಏನನ್ನೂ ಹೇಳುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಮುಂದಕ್ಕೆ ಕರೆದು ರೋಗಿಯನ್ನು ಮಾತನಾಡಿಸಲು ಹೇಳುವರು. ಇನ್ನೊಬ್ಬನಿಗೆ ಹೊಟ್ಟೆಯನ್ನು ಮುಟ್ಟಿ ನೋಡಲು ಹೇಳುವರು. ಬಳಿಕ ಏನೆಂದು ಊಹಿಸುತ್ತೀಯೆ, ಏಕೆ ಹಾಗೆ ಊಹಿಸುತ್ತೀಯೆ, ಮತ್ತೇನು ಆಗಿರಬಹುದು ಎಂದು ಕೇಳುವರು. ಕಲಿಯುವ ಹುಡುಗರು ನನ್ನ ತಾಯಿಯನ್ನು ಪಾಠದ ಹಲಗೆ ಮಾಡಿಕೊಂಡಿದ್ದಾರಲ್ಲಾ ಎಂದು ಮೊದಲ ದಿನ ನನಗೆ ಸಿಟ್ಟೇ ಬಂದಿತು. ಎರಡನೆಯ ದಿನ ನಡೆದ ಸಂಗತಿಯಿಂದ ಆ ಸಿಟ್ಟು ಇಳಿದುಹೋಯಿತು. ಆ ಸಂಗತಿಯನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಆಸ್ಪತ್ರೆಯಿಂದ ಹೊರಡುವ ಮುನ್ನ ನಾನು ಧೈರ್ಯಮಾಡಿ, ಈ ಬಗೆಯ ಪಾಠವನ್ನು ಯಾರು ಕಂಡುಹಿಡಿದರೆಂದು ಪ್ರಾಧ್ಯಾಪಕರನ್ನು ಕೇಳಿದೆನು. ಅವರು ನಕ್ಕು, ಒಬ್ಬರೇ ಕಂಡುಹಿಡಿದದ್ದಲ್ಲವೆಂದೂ, ಆದರೆ ಇದನ್ನು ಬೇರೂರಿಸಿದವನ ಹೆಸರು ವಿಲಿಯಂ ಆಸ್ಲರ್ ಎಂದೂ ಹೇಳಿದರು. ಆ ಹೆಸರನ್ನು ಹಿಡಿದುಕೊಂಡು ಲೈಬ್ರರಿಗೆ ಹೋದ ನನಗೆ ದೊರೆತ ಕಥೆ ಇದು.

ವಿಲಿಯಂ ಆಸ್ಲರ್ 1849ನೆಯ ಇಸವಿ ಜುಲೈ 12ರಂದು, ಇಂದು ಕೆನಡಾದ ಆಂಟೇರಿಯೋ ಪ್ರಾಂತವೆನಿಸಿರುವ ಸೀಮೆಯ ಬಾಂಡ್ ಹೆಡ್ ಎಂಬ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಫೆದರ್‌ಸ್ಟೋನ್ ಆಸ್ಲರ್ ಮೊದಲು ನೌಕಾಪಡೆಯಲ್ಲಿದ್ದು, ಬಳಿಕ ಪಾದ್ರಿಯಾಗಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಅಲ್ಲಿಗೆ ಬಂದು ನೆಲಸಿದವನು. ತಾಯಿಯ ಹೆಸರು ಎಲೆನ್. ತುಂಬಿದ ಮನೆ, ಗಂಡುಮಕ್ಕಳಲ್ಲಿ ವಿಲಿಯಮನೇ ಕಿರಿಯವನು. 1857ರಲ್ಲಿ ಕುಟುಂಬವು ಡಂಡಾಸ್ ಎಂಬ ಪುಟ್ಟ ಪಟ್ಟಣಕ್ಕೆ ಬಂದಿತು. ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇರೊಂದು ಕಾರಣಕ್ಕಾಗಿ ಅತ್ತ ಮತ್ತೆ ಬರಬೇಕಾಗುತ್ತದೆ.

ಬಾಲಕ ಆಸ್ಲರನು ಪಾಠದಲ್ಲಿ ಚುರುಕಾಗಿದ್ದಷ್ಟೇ ಚೇಷ್ಟೆಯಲ್ಲಿಯೂ ಚುರುಕಾಗಿದ್ದನು. ಡಂಡಾಸಿನ ಶಾಲೆಯಿಂದ ಅವನನ್ನು ಹೊರಗೆ ಹಾಕಬೇಕಾಯಿತು. ಮುಂದೆ ವೆಸ್ಟನ್ ಎಂಬಲ್ಲಿನ ಟ್ರಿನಿಟಿ ಶಾಲೆಗೆ ಸೇರಿದಾಗ ಅವನಿಗೆ ಒಬ್ಬ ಗುರು ದೊರಕಿದನು. ವಿಲಿಯಂ ಆರ್ಥರ್ ಜಾನ್ಸನ್ ಎಂಬ ಈ ಪಾದ್ರಿಗೆ ಸೂಕ್ಷ್ಮದರ್ಶಕವೆಂದರೆ ಪ್ರಾಣ. ಹುಡುಗರನ್ನು ಕೆರೆಕಟ್ಟೆಗಳ ಬಳಿಗೆ ಕರೆದುಕೊಂಡು ಹೋಗಿ, ಪಾಚಿಯನ್ನೂ ಹುಳುಗಳನ್ನೂ ತಂದು, ಗಾಜಿನ ಕೆಳಗಿಟ್ಟು ತೋರಿಸುವುದು ಅವನ ಪದ್ಧತಿ. ಪುಸ್ತಕದಲ್ಲಿ ಓದಿದ್ದು ಬೇರೆ, ಕಣ್ಣಾರೆ ನೋಡಿದ್ದು ಬೇರೆ ಎಂಬ ಅರಿವು ಆಸ್ಲರನಿಗೆ ಮೊದಲು ಮೂಡಿದ್ದು ಇಲ್ಲಿಯೇ.

1867ರಲ್ಲಿ ಅವನು ಟೊರಾಂಟೋ ನಗರದ ಟ್ರಿನಿಟಿ ಕಾಲೇಜನ್ನು ಸೇರಿದ್ದು ತಂದೆಯಂತೆಯೇ ಪಾದ್ರಿಯಾಗುವ ಉದ್ದೇಶದಿಂದ. ಆದರೆ ಒಂದು ವರ್ಷದಲ್ಲಿ ಮನಸ್ಸು ಬದಲಾಯಿತು. ಜೇಮ್ಸ್ ಬೋವೆಲ್ ಎಂಬ ವೈದ್ಯನ ಒಡನಾಟದಿಂದ ಅವನು ವೈದ್ಯವಿದ್ಯೆಯ ಕಡೆಗೆ ತಿರುಗಿದನು. 1870ರಲ್ಲಿ ಮಾಂಟ್ರಿಯಲಿನ ಮೆಗಿಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1872ರಲ್ಲಿ ಪದವಿಯನ್ನು ಪಡೆದನು. ಅಲ್ಲಿ ಪಾಮರ್ ಹೊವಾರ್ಡ್ ಅವನ ಮೂರನೆಯ ಗುರು. ಇಪ್ಪತ್ತು ವರ್ಷಗಳ ತರುವಾಯ ತನ್ನ ಮಹಾಗ್ರಂಥವನ್ನು ಪ್ರಕಟಿಸಿದಾಗ ಆಸ್ಲರನು ಅದನ್ನು ಅರ್ಪಿಸಿದ್ದು ಜಾನ್ಸನ್, ಬೋವೆಲ್, ಹೊವಾರ್ಡ್ ಈ ಮೂವರಿಗೆ. ಅಷ್ಟು ಹೊತ್ತಿಗೆ ಮೂವರೂ ಕಾಲವಾಗಿದ್ದರು. ಗುರುಋಣವೆಂಬುದು ನಮ್ಮ ದೇಶದಲ್ಲಿ ಮಾತ್ರ ಇರುವ ಮಾತಲ್ಲವೆಂದು ಇದರಿಂದ ತಿಳಿಯುತ್ತದೆ.

ಪದವಿ ದೊರೆತ ಮೇಲೆ ಆಸ್ಲರನು ಲಂಡನ್, ಬರ್ಲಿನ್, ವಿಯೆನ್ನಾಗಳಿಗೆ ಹೋಗಿ ಎರಡು ವರ್ಷ ಕಲಿತನು. ಲಂಡನಿನ ಪ್ರಯೋಗಶಾಲೆಯಲ್ಲಿ ರಕ್ತದ ಸಣ್ಣ ತಟ್ಟೆಯಾಕಾರದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿ ವರ್ಣಿಸಿದವರಲ್ಲಿ ಅವನೂ ಒಬ್ಬನು. ಇಂದು ಡೆಂಗೆ ಜ್ವರ ಬಂದಾಗ ನಮ್ಮೂರುಗಳಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುವ ಪ್ಲೇಟ್‌ಲೆಟ್ ಎಂಬುವು ಇವೇ. ಬರ್ಲಿನಿನಲ್ಲಿ ವಿರ್ಕೋ ಎಂಬ ಮಹಾಪಂಡಿತನು ಶವಪರೀಕ್ಷೆಯನ್ನು ನಡೆಸುವ ಕ್ರಮವನ್ನು ಅವನು ಹತ್ತಿರದಿಂದ ಕಂಡನು.

1874ರಲ್ಲಿ ಮೆಗಿಲ್‌ಗೆ ಉಪನ್ಯಾಸಕನಾಗಿ ಹಿಂದಿರುಗಿದಾಗ ಅವನಿಗೆ ಇಪ್ಪತ್ತೈದು ವರ್ಷ. ಮಾಂಟ್ರಿಯಲಿನ ಆಸ್ಪತ್ರೆಯಲ್ಲಿ ಸಿಡುಬಿನ ವಾರ್ಡನ್ನು ನೋಡಿಕೊಳ್ಳುವ ಕೆಲಸವನ್ನು ಅವನು ವಹಿಸಿಕೊಂಡನು. ಅದರಿಂದ ತಾನೂ ಸಿಡುಬು ಹಿಡಿಸಿಕೊಂಡನು. ಅದೃಷ್ಟವಶಾತ್ ಅದು ಸೌಮ್ಯವಾಗಿತ್ತು. ಆ ಕೆಲಸಕ್ಕೆ ದೊರೆತ ಹಣದಿಂದ ಅವನು ತನ್ನ ವಿದ್ಯಾರ್ಥಿಗಳಿಗಾಗಿ ಸೂಕ್ಷ್ಮದರ್ಶಕಗಳನ್ನು ಕೊಂಡನು. 1876ರಿಂದ 1884ರವರೆಗೆ ಮಾಂಟ್ರಿಯಲಿನಲ್ಲಿ ಅವನು ತನ್ನ ಕೈಯಾರೆ ಮಾಡಿದ ಶವಪರೀಕ್ಷೆಗಳು ಸುಮಾರು 800. ಪ್ರತಿಯೊಂದರ ವಿವರವನ್ನೂ ಬರೆದಿಟ್ಟನು.

ಇದನ್ನು ಓದಿದಾಗ ಸತ್ತವರನ್ನು ಪರೀಕ್ಷಿಸಿ ಬದುಕಿದವರಿಗೆ ಏನು ಪ್ರಯೋಜನವೆಂದು ನನಗೆ ಅನ್ನಿಸಿತ್ತು. ಯೋಚಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ರೋಗಿ ಬದುಕಿದ್ದಾಗ ವೈದ್ಯನು ಮಾಡುವುದು ಊಹೆ. ಎದೆಯ ಸದ್ದನ್ನು ಕೇಳಿ, ನಾಡಿಯನ್ನು ಹಿಡಿದು, ಒಳಗೆ ಹೀಗಿರಬೇಕೆಂದು ಹೇಳುತ್ತಾನೆ. ಆ ಊಹೆ ಸರಿಯೋ ತಪ್ಪೋ ಎಂದು ಆ ಕಾಲದಲ್ಲಿ ಖಚಿತವಾಗಿ ಹೇಳಬಲ್ಲದ್ದು ಶವಪರೀಕ್ಷೆಯ ಮೇಜೊಂದೇ. ಎಕ್ಸ್-ರೇ ಕೂಡ ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1895ರಲ್ಲಿ. ಹೀಗೆ ಆಸ್ಲರನು ತನ್ನ ಊಹೆಗಳನ್ನು ನೂರಾರು ಬಾರಿ ಸತ್ಯದ ಮುಂದೆ ನಿಲ್ಲಿಸಿ ತಿದ್ದಿಕೊಂಡನು. ತಾನು ಎಡವಿದ್ದು ಕಂಡುಬಂದರೆ ವಿದ್ಯಾರ್ಥಿಗಳೆದುರಿಗೆ ಅದನ್ನು ಒಪ್ಪಿಕೊಳ್ಳುವುದಕ್ಕೆ ಹಿಂಜರಿಯುತ್ತಿರಲಿಲ್ಲ. ತಪ್ಪನ್ನು ಮುಚ್ಚಿಡುವ ಗುರುವಿನಿಂದ ಶಿಷ್ಯನು ಕಲಿಯುವುದು ಮುಚ್ಚಿಡುವುದನ್ನೇ ಎಂಬುದನ್ನು ಅವನು ಬಲ್ಲವನಾಗಿದ್ದನು.

1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವು ಅವನನ್ನು ಕರೆಯಿತು. ಆಗ ಜರ್ಮನಿಯ ಪ್ರವಾಸದಲ್ಲಿದ್ದ ಆಸ್ಲರನಿಗೆ ಹೋಗಬೇಕೋ ಬೇಡವೋ ತಿಳಿಯದೆ ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದನಂತೆ. ಅಲ್ಲಿ ಐದು ವರ್ಷ ಕಳೆದನು. ಈ ಕಾಲದ ಒಂದು ಪ್ರಸಂಗ ಹೇಳತಕ್ಕದ್ದು. ಮಲೇರಿಯಾ ಜ್ವರಕ್ಕೆ ರಕ್ತದಲ್ಲಿರುವ ಒಂದು ಸೂಕ್ಷ್ಮಜೀವಿ ಕಾರಣವೆಂದು ಲಾವೆರಾನ್ ಎಂಬ ಫ್ರೆಂಚ್ ವೈದ್ಯನು 1880ರಲ್ಲಿ ಕಂಡಿದ್ದನು. ಆಸ್ಲರನು ಮೊದಲು ಅದನ್ನು ನಂಬಲಿಲ್ಲ. ಆದರೆ ನಂಬದೆ ಸುಮ್ಮನೆಯೂ ಕೂರಲಿಲ್ಲ. ರೋಗಿಗಳ ರಕ್ತವನ್ನು ತೆಗೆದು ತಾನೇ ಮತ್ತೆ ಮತ್ತೆ ನೋಡಿದನು. ಕಂಡಮೇಲೆ ತಾನು ಅನುಮಾನಪಟ್ಟದ್ದು ತಪ್ಪೆಂದು ಒಪ್ಪಿ ಬರೆದನು. ವಿಷಮಶೀತಜ್ವರ, ಮಲೇರಿಯಾ ಎರಡೂ ಮೇಲುನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತಿದ್ದ ಆ ದಿನಗಳಲ್ಲಿ, ಸೂಕ್ಷ್ಮದರ್ಶಕದ ಒಂದು ನೋಟವು ಎರಡನ್ನೂ ಬೇರ್ಪಡಿಸಬಲ್ಲದೆಂಬುದನ್ನು ಮುಂದೆ ತನ್ನ ಶಿಷ್ಯರಿಗೆಲ್ಲ ಕಲಿಸಿದನು.

ಅವನ ಬಾಳಿನ ಮುಖ್ಯ ಅಧ್ಯಾಯವು ಪ್ರಾರಂಭವಾದದ್ದು 1889ರಲ್ಲಿ. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಎಂಬ ಶ್ರೀಮಂತ ವರ್ತಕನು ಸಾಯುವಾಗ ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ 70 ಲಕ್ಷ ಡಾಲರುಗಳನ್ನು ಬಿಟ್ಟುಹೋಗಿದ್ದನು. ಆ ಆಸ್ಪತ್ರೆಯು 1889ರಲ್ಲಿ ಬಾಗಿಲು ತೆರೆದಾಗ ಆಸ್ಲರನು ಅದರ ಮುಖ್ಯ ವೈದ್ಯನಾದನು. ವೈದ್ಯಕೀಯ ಶಾಲೆಯನ್ನು ತೆರೆಯಲು ಹಣ ಸಾಲದೆ ನಾಲ್ಕು ವರ್ಷ ತಡವಾಯಿತು. ಆಗ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಮಹಿಳೆ ಹಣವನ್ನು ಒದಗಿಸಿ, ಗಂಡಸರಿಗೆ ಹೇಗೋ ಹಾಗೆಯೇ ಹೆಂಗಸರಿಗೂ ಪ್ರವೇಶ ಕೊಡಬೇಕೆಂದು ಕರಾರು ಹಾಕಿದಳು. 1893ರಲ್ಲಿ ಶಾಲೆ ತೆರೆದಾಗ ಮೊದಲ ತರಗತಿಗೆ ಸೇರಿದ 18 ಮಂದಿಯಲ್ಲಿ ಮೂವರು ಹೆಂಗಸರಿದ್ದರು.

ಅಲ್ಲಿ ಆಸ್ಲರನು ಮಾಡಿದ ಬದಲಾವಣೆಯನ್ನು ಅರಿಯಬೇಕಾದರೆ ಅಂದಿನ ಅಮೆರಿಕದ ವೈದ್ಯಶಿಕ್ಷಣದ ಸ್ಥಿತಿಯನ್ನು ತಿಳಿಯಬೇಕು. ಬಹುಪಾಲು ಶಾಲೆಗಳಲ್ಲಿ ವಿದ್ಯಾರ್ಥಿಗಳು ಮೆಟ್ಟಲು ಮೆಟ್ಟಲಾಗಿ ಕಟ್ಟಿದ ದೊಡ್ಡ ಸಭಾಂಗಣದಲ್ಲಿ ಕುಳಿತು ಉಪನ್ಯಾಸ ಕೇಳುತ್ತಿದ್ದರು. ದೂರದಲ್ಲಿ, ಕೆಳಗೆ, ರೋಗಿಯೊಬ್ಬನನ್ನು ತಂದು ತೋರಿಸಿದರೆ ಅದೇ ಹೆಚ್ಚು. ಒಬ್ಬ ರೋಗಿಯನ್ನೂ ತಾನಾಗಿ ಪರೀಕ್ಷಿಸದೆಯೇ ಒಬ್ಬನು ವೈದ್ಯನೆನಿಸಿಕೊಂಡು ಹೊರಬರುವುದು ಸಾಧ್ಯವಿತ್ತು. ಈಜನ್ನು ದಡದ ಮೇಲೆ ಕುಳಿತು ಕಲಿತಂತೆ!

ಆಸ್ಲರನು ವಿದ್ಯಾರ್ಥಿಗಳನ್ನು ಸಭಾಂಗಣದಿಂದ ಎಬ್ಬಿಸಿ ವಾರ್ಡಿಗೆ ಕರೆತಂದನು. ಮೂರನೆಯ ವರ್ಷದವರು ಹೊರರೋಗಿಗಳ ವಿಭಾಗದಲ್ಲಿ ನಿಂತು ಪರೀಕ್ಷಿಸುವುದನ್ನು ಕಲಿಯಬೇಕು. ನಾಲ್ಕನೆಯ ವರ್ಷದವರಿಗೆ ವಾರ್ಡಿನಲ್ಲಿ ಕೆಲವು ಮಂಚಗಳನ್ನು ಹಂಚಿಕೊಡಲಾಗುತ್ತಿತ್ತು. ಆ ಮಂಚಗಳ ರೋಗಿಗಳ ಪೂರ್ವಚರಿತ್ರೆಯನ್ನು ಕೇಳಿ ಬರೆದುಕೊಳ್ಳುವುದು, ದೇಹವನ್ನು ಪರೀಕ್ಷಿಸುವುದು, ರಕ್ತ ಮೂತ್ರಗಳನ್ನು ತಾವೇ ನೋಡುವುದು, ದಿನದಿನದ ಬದಲಾವಣೆಯನ್ನು ಗುರುತಿಸುವುದು ಎಲ್ಲವೂ ಅವರ ಹೊಣೆ. ಆಸ್ಲರನು ಬಂದಾಗ ಆ ವಿದ್ಯಾರ್ಥಿಯೇ ಮಂಚದ ಬಳಿ ನಿಂತು ವರದಿ ಒಪ್ಪಿಸಬೇಕು; ಗುರುವು ಪ್ರಶ್ನೆ ಕೇಳುವನು. ರೋಗಿಯನ್ನು ಮುಟ್ಟುವ ಮೊದಲು ಕಣ್ಣಿನಿಂದ ನೋಡಬೇಕು, ನೋಡುವುದಕ್ಕೂ ಮೊದಲು ಅವನ ಮಾತನ್ನು ಕೇಳಬೇಕು ಎಂಬುದು ಅವನ ಪಟ್ಟು. ವರ್ಷದಲ್ಲಿ ಬಂದ ನ್ಯುಮೋನಿಯಾ ರೋಗಿಗಳ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆಯಿಸಿ, ಯಾರು ಬದುಕಿದರು, ಯಾರು ಸತ್ತರು, ಎಲ್ಲಿ ನಮ್ಮ ಎಣಿಕೆ ತಪ್ಪಿತು ಎಂದು ತರಗತಿಯ ಮುಂದೆ ಚರ್ಚಿಸುತ್ತಿದ್ದನು.

ಇದೆಲ್ಲವೂ ಅವನ ಸ್ವಂತ ಕಲ್ಪನೆಯಲ್ಲ. ವಿದ್ಯಾರ್ಥಿಗಳು ವಾರ್ಡಿನಲ್ಲಿ ದುಡಿಯುವ ಕ್ರಮವು ಇಂಗ್ಲೆಂಡ್, ಸ್ಕಾಟ್ಲೆಂಡುಗಳ ಆಸ್ಪತ್ರೆಗಳಲ್ಲಿ ಮೊದಲೇ ಇತ್ತು. ಪ್ರಯೋಗಶಾಲೆಯ ಶಿಸ್ತು ಜರ್ಮನಿಯಿಂದ ಬಂದದ್ದು. ಎರಡನ್ನೂ ಒಂದೆಡೆ ಬೆಸೆದು, ಅದನ್ನೇ ಶಾಲೆಯ ಬೆನ್ನೆಲುಬಾಗಿ ಮಾಡಿದ್ದು ಆಸ್ಲರನ ಹಿರಿಮೆ. ಶನಿವಾರದ ಸಂಜೆ ಈ ವಿದ್ಯಾರ್ಥಿಗಳು ಅವನ ಮನೆಯಲ್ಲಿ ಸೇರುತ್ತಿದ್ದರು. ಊಟದ ಮೇಜಿನ ಸುತ್ತ ಕುಳಿತು ಆ ವಾರದ ರೋಗಿಗಳ ವಿಷಯವೂ ಹಳೆಯ ಪುಸ್ತಕಗಳ ವಿಷಯವೂ ಮಾತಿಗೆ ಬರುತ್ತಿದ್ದವು. ತಾನು ವಾರ್ಡಿನಲ್ಲಿ ಹುಡುಗರಿಗೆ ಪಾಠ ಹೇಳಿದ್ದಕ್ಕಿಂತ ದೊಡ್ಡ ಕೆಲಸವನ್ನು ಮಾಡಿಲ್ಲವೆಂದೇ ಅವನು ಕೊನೆಯವರೆಗೂ ನಂಬಿದ್ದನು.

ಶಾಲೆಗಾಗಿ ಕಾಯುತ್ತಿದ್ದ ವರ್ಷಗಳಲ್ಲಿ ಅವನು ಬರೆದ ವೈದ್ಯಶಾಸ್ತ್ರದ ಮಹಾಗ್ರಂಥವು 1892ರಲ್ಲಿ ಹೊರಬಂದಿತು. ತಿಳಿದದ್ದನ್ನು ತಿಳಿದಿದೆಯೆಂದೂ, ಮದ್ದಿಲ್ಲದ ರೋಗಕ್ಕೆ ಮದ್ದಿಲ್ಲವೆಂದೂ ನೇರವಾಗಿ ಹೇಳಿದ ಗ್ರಂಥವದು. ವೈದ್ಯನಲ್ಲದ ಫ್ರೆಡರಿಕ್ ಗೇಟ್ಸ್ ಎಂಬಾತನು 1897ರಲ್ಲಿ ಅದನ್ನು ಓದಿ, ಇಷ್ಟೊಂದು ರೋಗಗಳಿಗೆ ಔಷಧವೇ ಇಲ್ಲವೇ ಎಂದು ಬೆರಗಾಗಿ, ತನ್ನ ಒಡೆಯನಾದ ಕೋಟ್ಯಧೀಶ ರಾಕ್‌ಫೆಲರನನ್ನು ಒಪ್ಪಿಸಿ, 1901ರಲ್ಲಿ ಒಂದು ದೊಡ್ಡ ವೈದ್ಯಕೀಯ ಸಂಶೋಧನಾಲಯವು ಹುಟ್ಟುವುದಕ್ಕೆ ಕಾರಣನಾದನು. ತನ್ನ ಅಜ್ಞಾನವನ್ನು ಪ್ರಾಮಾಣಿಕವಾಗಿ ಬರೆದ ಪುಸ್ತಕದಿಂದ ಇಂತಹ ಫಲ ದೊರಕಿತು.

ಗ್ರಂಥವು ಹೊರಬಂದ ವರ್ಷವೇ ಆಸ್ಲರನು ಗ್ರೇಸ್ ಎಂಬ ವಿಧವೆಯನ್ನು ವಿವಾಹವಾದನು. ಮೊದಲ ಮಗು ಒಂದು ವಾರ ಬದುಕಿ ತೀರಿಕೊಂಡಿತು. 1895ರಲ್ಲಿ ಹುಟ್ಟಿದ ರಿವಿಯರ್ ಎಂಬ ಮಗನೊಬ್ಬನೇ ಉಳಿದನು. 1905ರಲ್ಲಿ ಆಸ್ಲರನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ ಇಂಗ್ಲೆಂಡಿಗೆ ತೆರಳಿದನು. ಹೊರಡುವ ಮುನ್ನ ಮಾಡಿದ ಭಾಷಣದಲ್ಲಿ, ಅರವತ್ತು ದಾಟಿದವರಿಂದ ಪ್ರಯೋಜನವಿಲ್ಲವೆಂದು ಅರ್ಧ ತಮಾಷೆಯಾಗಿ ಆಡಿದ ಮಾತನ್ನು ಪತ್ರಿಕೆಗಳು ದೊಡ್ಡದು ಮಾಡಿ, ಅವನು ಬಹಳ ನಿಂದೆಗೆ ಗುರಿಯಾಗಬೇಕಾಯಿತು. 1911ರಲ್ಲಿ ಸರ್ ಪದವಿಯೂ ಬಂದಿತು. ಆಕ್ಸ್‌ಫರ್ಡಿನ ಅವನ ಮನೆಯು ದೇಶದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಸದಾ ತೆರೆದಿರುತ್ತಿತ್ತು.

ಇಷ್ಟು ಓದುವ ಹೊತ್ತಿಗೆ ನಾನು ಆಸ್ಲರನ ಭಕ್ತನೇ ಆಗಿಬಿಟ್ಟಿದ್ದೆನು. ಆದರೆ ಮುಂದೆ ತಿಳಿದುಬಂದ ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಟ್ಟರೆ ಅವನಿಂದ ನಾನು ಕಲಿತದ್ದೇನೂ ಇಲ್ಲವೆಂದಾಗುತ್ತದೆ. 1914ರ ಮೇ ತಿಂಗಳಲ್ಲಿ ಕೋಮಗಾಟ ಮಾರು ಎಂಬ ಹಡಗು 376 ಮಂದಿ ಭಾರತೀಯರನ್ನು ಹೊತ್ತು ಕೆನಡಾದ ವ್ಯಾಂಕೂವರ್ ರೇವಿಗೆ ಹೋಗಿತ್ತು. ಅವರಲ್ಲಿ ಬಹುಮಂದಿ ಪಂಜಾಬಿನವರು. ಎರಡು ತಿಂಗಳ ಕಾಲ ನೀರಿನ ಮೇಲೆಯೇ ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಅಟ್ಟಲಾಯಿತು. ಅದೇ ವರ್ಷ ಆಸ್ಲರನು ಏಷ್ಯಾದವರ ವಲಸೆಯನ್ನು ಕುರಿತು ಮಾತನಾಡುತ್ತ, ಕೆನಡಾವು ಬಿಳಿಯರ ದೇಶವಾಗಿಯೇ ಉಳಿಯಬೇಕೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದನು. ಅಂದಿನ ಅನೇಕರು ಹಾಗೆಯೇ ಯೋಚಿಸುತ್ತಿದ್ದರೆಂಬುದು ನಿಜ. ಆದರೆ ಎಲ್ಲರೂ ಹೇಳುವುದನ್ನು ಪರೀಕ್ಷಿಸದೆ ನಂಬಬಾರದೆಂದು ಕಲಿಸಿದವನೇ ಇವನು. ಒಬ್ಬೊಬ್ಬ ರೋಗಿಯ ಮಂಚದ ಬಳಿಯೂ ನಿಂತು, ನೋಡಿ, ಕೇಳಿ, ಆಮೇಲೆ ತೀರ್ಮಾನಿಸಿದವನು ಇಡೀ ಜನಾಂಗಗಳ ವಿಷಯದಲ್ಲಿ ನೋಡದೆಯೇ ಕೇಳದೆಯೇ ತೀರ್ಮಾನಿಸಿದನು. ಓದಿ ಎರಡು ದಿನ ನನಗೆ ಪುಸ್ತಕವನ್ನು ಮುಟ್ಟಲು ಮನಸ್ಸಾಗಲಿಲ್ಲ. ಬಳಿಕ, ಅವನ ಪದ್ಧತಿಯಿಂದಲೇ ಅವನನ್ನು ಅಳೆಯಬೇಕೆಂದು ತೋರಿತು: ಗುಣವನ್ನು ಗುಣವೆಂದೂ ರೋಗವನ್ನು ರೋಗವೆಂದೂ ಬರೆದಿಡುವುದು.

ಮಹಾಯುದ್ಧವು ಅವನ ಮನೆಯನ್ನು ಬರಿದುಮಾಡಿತು. ಸೈನ್ಯ ಸೇರಿದ್ದ ರಿವಿಯರನು 1917ರ ಆಗಸ್ಟಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಗಾಯಗೊಂಡನು. ತಂದೆಯ ಸ್ನೇಹಿತರಾದ ಅಮೆರಿಕದ ಹೆಸರಾಂತ ಶಸ್ತ್ರವೈದ್ಯರೇ ಅಲ್ಲಿದ್ದು ಚಿಕಿತ್ಸೆ ಮಾಡಿದರೂ ಹುಡುಗ ಉಳಿಯಲಿಲ್ಲ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ನನ್ನ ಸಹಪಾಠಿಗಳ ವಯಸ್ಸು. ಆಸ್ಲರನು ಹಗಲು ಎಂದಿನಂತೆಯೇ ಕೆಲಸ ಮಾಡಿದನಾದರೂ ಒಳಗೆ ಕುಸಿದಿದ್ದನು. ಎರಡು ವರ್ಷಗಳ ತರುವಾಯ ನ್ಯುಮೋನಿಯಾ ಹಿಡಿಯಿತು. ಜೀವಮಾನವೆಲ್ಲ ಯಾವ ರೋಗದ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿಸಿದ್ದನೋ ಅದರಿಂದಲೇ ಮಲಗಿ, 1919ರ ಡಿಸೆಂಬರ್ 29ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡನು. ಅವನು ಕೂಡಿಟ್ಟಿದ್ದ ಸುಮಾರು 8000 ಪುಸ್ತಕಗಳು ಅವನ ಇಚ್ಛೆಯಂತೆ ಮೆಗಿಲ್‌ಗೆ ಹೋದವು. ಅವನ ಚಿತಾಭಸ್ಮವೂ ಅಲ್ಲಿಯೇ, ಆ ಪುಸ್ತಕಗಳ ನಡುವೆ ಇದೆ.

ಆಸ್ಲರನು ಅನುಭವದಿಂದ ಕಂಡುಕೊಂಡದ್ದನ್ನು ಮುಂದಿನವರು ಪ್ರಯೋಗಕ್ಕೆ ಒಡ್ಡಿದರು. ವೈದ್ಯರು ಹೇಗೆ ಯೋಚಿಸುತ್ತಾರೆ, ಆ ಯೋಚನೆಯನ್ನು ವಿದ್ಯಾರ್ಥಿಯು ಹೇಗೆ ಕಲಿಯುತ್ತಾನೆ ಎಂಬುದೇ ಇಂದು ಒಂದು ಶಾಸ್ತ್ರವಾಗಿದೆ. ಇದರ ಒಂದು ತವರು ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯ. ಆಸ್ಲರನನ್ನು ಶಾಲೆಯಿಂದ ಹೊರಗೆ ಹಾಕಿದ ಆ ಡಂಡಾಸ್ ಪಟ್ಟಣವು 2001ರಿಂದ ಇದೇ ಹ್ಯಾಮಿಲ್ಟನ್ ನಗರದೊಳಗೆ ಸೇರಿಹೋಗಿದೆ! 1969ರಲ್ಲಿ ಅಲ್ಲಿಯ ವೈದ್ಯಕೀಯ ಶಾಲೆಯು ಉಪನ್ಯಾಸಗಳಿಗೆ ಬದಲಾಗಿ, ಸಣ್ಣ ಗುಂಪುಗಳಲ್ಲಿ ವಿದ್ಯಾರ್ಥಿಗಳ ಮುಂದೆ ರೋಗಿಯ ಸಮಸ್ಯೆಯನ್ನಿಟ್ಟು ಅದರ ಮೂಲಕವೇ ಶಾಸ್ತ್ರವನ್ನು ಕಲಿಸುವ ಕ್ರಮವನ್ನು ಆರಂಭಿಸಿತು.

1978ರಲ್ಲಿ ಎಲ್‌ಸ್ಟೈನ್, ಶುಲ್ಮನ್, ಸ್ಪ್ರಾಫ್ಕಾ ಎಂಬ ಮೂವರು ಅಮೆರಿಕದ ವಿದ್ವಾಂಸರು ಒಂದು ಗ್ರಂಥವನ್ನು ಪ್ರಕಟಿಸಿದರು. ರೋಗಿಯ ಪಾತ್ರ ವಹಿಸಿದ ನಟರನ್ನು ವೈದ್ಯರ ಮುಂದೆ ಕೂರಿಸಿ, ವೈದ್ಯರು ಏನು ಕೇಳುತ್ತಾರೆ, ಏನು ಯೋಚಿಸುತ್ತಾರೆ ಎಂದು ಅವರು ಪರಿಶೀಲಿಸಿದ್ದರು. ಅವರಿಗೆ ಕಂಡದ್ದು ಆಶ್ಚರ್ಯಕರವಾಗಿತ್ತು. ಅನುಭವಿ ವೈದ್ಯನು ಎಲ್ಲ ವಿವರಗಳನ್ನೂ ಕೂಡಿಹಾಕಿ ಆಮೇಲೆ ಯೋಚಿಸುವುದಿಲ್ಲ. ಮೊದಲ ಕೆಲವು ನಿಮಿಷಗಳಲ್ಲಿಯೇ ಮೂರು ನಾಲ್ಕು ಊಹೆಗಳನ್ನು ಮಾಡಿಕೊಂಡು, ಅವುಗಳನ್ನು ಪರೀಕ್ಷಿಸುತ್ತ ಹೋಗುತ್ತಾನೆ. ಹೊಸ ವಿದ್ಯಾರ್ಥಿಯೂ ಹಾಗೆಯೇ ಮಾಡುತ್ತಾನೆ. ಇಬ್ಬರಿಗೂ ಇರುವ ವ್ಯತ್ಯಾಸ ಯೋಚಿಸುವ ಕ್ರಮದಲ್ಲಿಲ್ಲ, ತಲೆಯಲ್ಲಿರುವ ಜ್ಞಾನದಲ್ಲಿದೆ. ಒಂದು ರೋಗವನ್ನು ಚೆನ್ನಾಗಿ ಗುರುತಿಸಿದವನು ಇನ್ನೊಂದರಲ್ಲಿ ಎಡವಬಹುದು. ಆದುದರಿಂದ ಊಹಿಸುವ ಕಲೆಯೊಂದನ್ನೇ ಪ್ರತ್ಯೇಕವಾಗಿ ಕಲಿಸಿ ಮುಗಿಸಲಾಗದು. ಬಗೆಬಗೆಯ ರೋಗಿಗಳನ್ನು ಅನೇಕವಾಗಿ ನೋಡಿಯೇ ತೀರಬೇಕು.

1990ರಲ್ಲಿ ಸ್ಮಿಟ್, ನಾರ್ಮನ್, ಬೋಶುಯಿಜೆನ್ ಎಂಬುವರು ಇದಕ್ಕೆ ಇನ್ನೊಂದು ವಿವರಣೆಯನ್ನು ಸೇರಿಸಿದರು. ಪಳಗಿದ ವೈದ್ಯನ ಮನಸ್ಸಿನಲ್ಲಿ ಪ್ರತಿಯೊಂದು ರೋಗವೂ ಒಂದು ಕಥೆಯಂತೆ ನೆಲೆಸಿರುತ್ತದೆ: ಎಂತಹವರಿಗೆ ಬರುತ್ತದೆ, ಎಲ್ಲಿಂದ ಬರುತ್ತದೆ, ಹೇಗೆ ಮೊದಲಾಗುತ್ತದೆ, ಹೇಗೆ ಬೆಳೆಯುತ್ತದೆ. ಹೊಸ ರೋಗಿಯ ಮಾತು ಆ ಕಥೆಗಳಲ್ಲೊಂದಕ್ಕೆ ಹೊಂದಿಕೊಂಡಾಗ ರೋಗವು ಗುರುತಾಗುತ್ತದೆ. ಥಟ್ಟನೆ ಗುರುತಿಸುವ ಬುದ್ಧಿ, ನಿಧಾನವಾಗಿ ಒರೆಹಚ್ಚುವ ಬುದ್ಧಿ ಎರಡೂ ಬೇಕೆಂದು ಪಂಡಿತರು ಹೇಳುತ್ತಾರೆ. ಇಷ್ಟಾದರೂ ತಪ್ಪುಗಳು ನಿಂತಿಲ್ಲ. ಹೆಚ್ಚಿನ ಜನರು ತಮ್ಮ ಬಾಳಿನಲ್ಲಿ ಒಮ್ಮೆಯಾದರೂ ತಪ್ಪು ಅಥವಾ ತಡವಾದ ರೋಗನಿದಾನಕ್ಕೆ ಒಳಗಾಗುವರೆಂದು ಅಮೆರಿಕದ ರಾಷ್ಟ್ರೀಯ ವಿದ್ವತ್ಸಂಸ್ಥೆಯೊಂದು 2015ರಲ್ಲಿ ವರದಿ ಮಾಡಿತು. ನಮ್ಮ ದೇಶದಲ್ಲಿಯೂ 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು, ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ರೋಗಿಗಳನ್ನು ಕಾಣಬೇಕೆಂದೂ, ಮುಂದೆ ವಾರ್ಡಿನ ತಂಡದಲ್ಲಿ ಒಬ್ಬನಾಗಿ ಕೆಲಸ ಮಾಡುತ್ತ ಕಲಿಯಬೇಕೆಂದೂ ವಿಧಿಸಿದೆ. ನಮ್ಮ ಕರ್ನಾಟಕದ ಕಾಲೇಜುಗಳಿಗೂ ಅದು ಅನ್ವಯಿಸುತ್ತದೆ.

ಇನ್ನು ನಾನು ಹೇಳುವೆನೆಂದ ಸಂಗತಿ. ತಾಯಿಯವರನ್ನು ಸೇರಿಸಿದ ದಿನ, ಅದಕ್ಕೆ ಮೊದಲು ಪೇಟೆಯಲ್ಲಿ ತೋರಿಸಿದ ದಿನ, ಎರಡು ಸಲವೂ ವೈದ್ಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು ನಾನು. ಮನೆಯಲ್ಲಿ ಓದಿದವನು ನಾನೊಬ್ಬನೇ. ಅವ್ವ ಸೆರಗು ಹೊದ್ದು ಸುಮ್ಮನಿದ್ದರು. ಅವರು ಏನು ಕೆಲಸ ಮಾಡುತ್ತಾರೆಂದು ಕೇಳಿದಾಗ, ಮನೆಯಲ್ಲಿಯೇ ಇರುತ್ತಾರೆಂದು ನಾನು ಹೇಳಿಬಿಟ್ಟೆನು. ಅಚ್ಚುಕಟ್ಟಾದ ಉಡುಪಿನ ಅವರ ಮುಂದೆ, ನನ್ನ ತಾಯಿ ಇತರರ ಗದ್ದೆಗಳಲ್ಲಿ ಕೂಲಿಗೆ ಸಸಿ ನೆಡುತ್ತಾರೆಂದು ಹೇಳಲು ನಾಲಗೆ ಏಳಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಪ್ರಾಧ್ಯಾಪಕರು ಒಬ್ಬ ವಿದ್ಯಾರ್ಥಿನಿಯನ್ನು ಮುಂದೆ ಕರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೈಸನ್ನೆಯಿಂದ ನನ್ನನ್ನು ತಡೆದು, ರೋಗಿಯೇ ಹೇಳಲಿ ಎಂದರು. ಆಕೆ ಮಂಚದ ಅಂಚಿನಲ್ಲಿ ಬಗ್ಗಿ, ಅವ್ವನನ್ನು ಅಮ್ಮಾ ಎಂದು ಕರೆದು, ಜ್ವರ ಬರುವ ಮೊದಲು ಎಲ್ಲೆಲ್ಲಿ ಹೋಗಿದ್ದಿರಿ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಹದಿನೈದು ದಿನ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡಿದ್ದನ್ನೂ, ಅಂಗಾಲು ಒಡೆದು ಗಾಯವಾಗಿದ್ದನ್ನೂ ಅವ್ವ ಸಾವಕಾಶವಾಗಿ ಹೇಳಿದರು. ಆ ಹುಡುಗಿ ಅವರ ಕೆಂಪಡರಿದ ಕಣ್ಣನ್ನು ನೋಡಿದಳು. ಮೀನಖಂಡವನ್ನು ಮೆಲ್ಲಗೆ ಒತ್ತಿದಾಗ ಅವ್ವ ನರಳಿದರು. ಆಮೇಲೆ ಎದ್ದುನಿಂತು, ಸ್ವಲ್ಪ ಅಂಜುತ್ತಲೇ, ಇದು ಇಲಿಜ್ವರವಿರಬಹುದೆಂದಳು. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ, ಗಾಯದ ಮೂಲಕ ಹತ್ತುವ ರೋಗವದು. ತಡವಾದರೆ ಮೂತ್ರಪಿಂಡಗಳೇ ಕೆಡುವುವಂತೆ. ರಕ್ತಪರೀಕ್ಷೆಯು ಆಕೆಯ ಮಾತನ್ನು ದೃಢಪಡಿಸಿತು. ಔಷಧ ಬದಲಾಯಿತು. ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟಿತು.

ಪೇಟೆಯ ವೈದ್ಯರನ್ನು ನಾನು ದೂರುವುದಿಲ್ಲ. ರೋಗದ ಕಥೆಯಲ್ಲಿ ಗದ್ದೆಯ ಪುಟವನ್ನು ಹರಿದಿಟ್ಟುಕೊಂಡವನು ನಾನೇ. ಆಸ್ಲರನಲ್ಲಿ ಕಂಡ ಕೊರತೆಯನ್ನು ಬರೆಯುವಾಗ ಕೈ ತಡೆದದ್ದು ಇದಕ್ಕಾಗಿಯೇ. ಮನುಷ್ಯರನ್ನು ಮೇಲು ಕೀಳೆಂದು ಮೊದಲೇ ಎಣಿಸಿಕೊಂಡು ನೋಡುವ ರೋಗ ನನಗೂ ತಗಲಿತ್ತು, ಅದೂ ಹೆತ್ತ ತಾಯಿಯ ವಿಷಯದಲ್ಲಿ.

ಅವ್ವ ಈಗ ಆರೋಗ್ಯವಾಗಿದ್ದಾರೆ. ಈ ಸಲದ ನಾಟಿಗೂ ಹೋದರು. ಆದರೆ ಕಾಲಿನ ಒಡಕು ಮಾಯುವವರೆಗೆ ಕೆಸರಿಗೆ ಇಳಿಯಲಿಲ್ಲ. ಮೊನ್ನೆ ಕಡೆಯ ವರ್ಷದ ಪರೀಕ್ಷೆಗೆ ಅರ್ಜಿ ತುಂಬುವಾಗ ತಂದೆತಾಯಿಗಳ ಉದ್ಯೋಗವೆಂಬ ಕಲಮು ಬಂದಿತು. ಹಿಂದಿನ ಎರಡು ವರ್ಷಗಳಲ್ಲಿಯೂ ನಾನು ಅಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದೆನು. ಈ ಸಲ ಗದ್ದೆಯ ಕೂಲಿ ಎಂದು ಬರೆದು, ರುಜು ಮಾಡಿ ಕೊಟ್ಟೆನು.